ಉಗಿಯ ಬೆನ್ನು ಹಿಡಿದು ಐಸ್‌ಲ್ಯಾಂಡ್‌ನಲ್ಲಿ ಐದು ದಿನ

ಮೊದಲ ದಿನ: ರೇಕ್ಯಾನೆಸ್ ಮತ್ತು ಸ್ವಾರ್ತ್ಸೆಂಗಿ

ಕೆಫ್ಲಾವಿಕ್ ವಿಮಾನ ನಿಲ್ದಾಣದಲ್ಲಿ ಇಳಿದವರಲ್ಲಿ ಹೆಚ್ಚಿನವರು ರಾಜಧಾನಿ ರೇಕ್ಯಾವಿಕ್ ಕಡೆ ಕಾರು ತಿರುಗಿಸುತ್ತಾರೆ. ನೆಲದಡಿಯ ಶಾಖದಿಂದ ವಿದ್ಯುತ್ ಮತ್ತು ಬಿಸಿನೀರು ತೆಗೆಯುವ ಭೂಶಾಖ ಸ್ಥಾವರಗಳನ್ನು ನೋಡುವ ಈ ಪ್ರವಾಸ ಶುರುವಾಗುವುದು ರೇಕ್ಯಾನೆಸ್ ಪರ್ಯಾಯದ್ವೀಪದ ನೈಋತ್ಯ ತುದಿಯಿಂದ. ಅಟ್ಲಾಂಟಿಕ್ ಸಾಗರದ ತಳದಲ್ಲಿ ಹಾದುಬರುವ ಬೆಟ್ಟಸಾಲು ನೀರಿನಿಂದ ಮೇಲೆದ್ದು ನೆಲ ಹತ್ತುವುದು ಇಲ್ಲೇ. ಉತ್ತರ ಅಮೆರಿಕ ಮತ್ತು ಯುರೇಷ್ಯಾದ ಭೂಫಲಕಗಳು ವರ್ಷಕ್ಕೆ ಸುಮಾರು 2 ಸೆಂ.ಮೀ.ನಷ್ಟು ದೂರ ಸರಿಯುತ್ತಿವೆ. ಶಿಲಾಪಾಕ (ಕರಗಿದ ಬಂಡೆ) ಹೆಚ್ಚು ಆಳದಲ್ಲಿಲ್ಲ, ಮೇಲಿನ ಬಂಡೆಯೆಲ್ಲ ಸೀಳುಬಿಟ್ಟಿದೆ, ಸೀಳಿನಲ್ಲಿ ನೀರು ಇಳಿಯುತ್ತದೆ. ಹಾಗಾಗಿ ಶಾಖಕ್ಕೆ ಬರವಿಲ್ಲ. ಇಲ್ಲಿನ ಎಂಜಿನಿಯರುಗಳ ನಿದ್ದೆ ಕೆಡಿಸುವುದು ಆ ನೀರು, ಅದರಲ್ಲಿ ಕರಗಿ ಬರುವ ಉಪ್ಪು, ಸಿಲಿಕಾ (ಮರಳಿನಲ್ಲಿರುವ ವಸ್ತು) ಮತ್ತು ಅನಿಲ. ಐದು ದಿನವೂ ಕಣ್ಣಿಡಬೇಕಾದದ್ದು ಇದರ ಮೇಲೆ.

ರೇಕ್ಯಾನೆಸ್ ಸ್ಥಾವರ 2006ರಲ್ಲಿ ಶುರುವಾಯಿತು. ಆಗ ತಲಾ 50 ಮೆಗಾವ್ಯಾಟ್‌ನ ಎರಡು ಟರ್ಬೈನ್. ಕಡಲು ಪಕ್ಕದಲ್ಲೇ ಇರುವುದರಿಂದ ಕೊಳವೆಬಾವಿಗಳಿಂದ ಬರುವುದು ಬಂಡೆಯೊಳಗೆ ಇಳಿದು ಕಾದ ಸಮುದ್ರದ ನೀರು, ಸುಮಾರು 300 ಡಿಗ್ರಿ ಸೆಲ್ಸಿಯಸ್. ಅಷ್ಟು ಬಿಸಿಯಲ್ಲೂ ಕೆಳಗೆ ಅದು ದ್ರವವಾಗಿಯೇ ಇರುತ್ತದೆ, ಮೇಲಿನ ನೀರಿನ ಭಾರ ಅದನ್ನು ಕುದಿಯಲು ಬಿಡುವುದಿಲ್ಲ. ಕುಕ್ಕರಿನೊಳಗೆ ನೀರು ನೂರು ಡಿಗ್ರಿ ದಾಟಿಯೂ ನೀರಾಗಿಯೇ ಉಳಿಯುವ ಹಾಗೆ. ಬಾವಿಯಲ್ಲಿ ಮೇಲೇರುತ್ತ ಒತ್ತಡ ಇಳಿದಂತೆ ನೀರು ತಾನೇ ಕುದಿಯುತ್ತದೆ, ಬಾವಿಯ ಬಾಯಿಗೆ ಬರುವಾಗ ಉಗಿ ಮತ್ತು ನೀರು ಬೆರೆತಿರುತ್ತವೆ.

ಎಷ್ಟು ಉಗಿ ಸಿಗುತ್ತದೆಂಬ ಲೆಕ್ಕ ಕಷ್ಟದ್ದಲ್ಲ. 300 ಡಿಗ್ರಿಯ ಒಂದು ಕಿಲೋ ಸಿಹಿನೀರಿನಲ್ಲಿ ಸುಮಾರು 1,344 ಕಿಲೋಜೌಲ್ ಶಾಖವಿರುತ್ತದೆ. ಅದನ್ನು 10 ಬಾರ್ ಒತ್ತಡಕ್ಕೆ (ಒಂದು ಬಾರ್ ಎಂದರೆ ಹೆಚ್ಚುಕಡಿಮೆ ನಮ್ಮ ಸುತ್ತಲ ಗಾಳಿಯ ಒತ್ತಡ) ಇಳಿಸಿದರೆ 180 ಡಿಗ್ರಿಗೆ ಬರುತ್ತದೆ. ಆ ಬಿಸಿಯಲ್ಲಿ ನೀರು ಹಿಡಿದಿಡಬಲ್ಲದ್ದು 763. ಮಿಕ್ಕ 581 ಕಿಲೋಜೌಲ್ ಉಗಿಯಾಗುವುದಕ್ಕೆ ಖರ್ಚಾಗುತ್ತದೆ. ಒಂದು ಕಿಲೋ ಉಗಿಗೆ 2,015 ಬೇಕು, ಹಾಗಾಗಿ ನೂರಕ್ಕೆ 29 ಭಾಗ ಉಗಿ, 71 ಭಾಗ ನೀರು. ಬಾವಿಯ ನೀರು 250 ಡಿಗ್ರಿಯದ್ದಾದರೆ ಉಗಿಯ ಪಾಲು 16ಕ್ಕೆ ಕುಸಿಯುತ್ತದೆ. ಐವತ್ತು ಡಿಗ್ರಿ ಕಡಿಮೆಯಾದರೆ ಉಗಿ ಅರ್ಧದ ಹತ್ತಿರ ಹೋಗುತ್ತದೆ ಎಂಬುದೇ ಬಾವಿ ಎಲ್ಲಿ ಕೊರೆಯಬೇಕು ಎಂಬ ತೀರ್ಮಾನಕ್ಕೆ ಅಷ್ಟು ತೂಕ ಬರಲು ಕಾರಣ.

ಒತ್ತಡವನ್ನು ಇನ್ನೂ ಇಳಿಸಿದರೆ ಹೆಚ್ಚು ಉಗಿ ಸಿಗುವುದಿಲ್ಲವೇ? ಸಿಗುತ್ತದೆ. ಆದರೆ ರೇಕ್ಯಾನೆಸ್‌ನ ಉಪ್ಪುನೀರಿನಲ್ಲಿ ಸತು, ತಾಮ್ರದಂಥ ಲೋಹಗಳೂ ಕರಗಿ ಬರುತ್ತವೆ. ಒತ್ತಡ ಬಿದ್ದ ಜಾಗದಲ್ಲಿ ಅವು ಸಲ್ಫೈಡ್ ಆಗಿ ಕೊಳವೆಯ ಗೋಡೆಗೆ ಕಪ್ಪಗೆ ಕಟ್ಟಿಕೊಳ್ಳುತ್ತವೆ, ಅದರ ಹಿಂದೆಯೇ ಸಿಲಿಕಾ. ಅದಕ್ಕಾಗಿ ಇಲ್ಲಿ ಉಗಿ ಬೇರ್ಪಡಿಸುವ ಒತ್ತಡವನ್ನು ಸುಮಾರು 19 ಬಾರ್‌ನಲ್ಲಿ ಇಟ್ಟಿದ್ದಾರೆ, ಬೇರೆ ಸ್ಥಾವರಗಳ ಎರಡರಷ್ಟು. ಉಗಿಯನ್ನು ಬಿಟ್ಟುಕೊಟ್ಟು ಕೊಳವೆಯನ್ನು ಉಳಿಸಿಕೊಂಡ ಲೆಕ್ಕಾಚಾರ ಇದು, ಸರಿಯಾದ ಲೆಕ್ಕಾಚಾರವೇ.

ಹತ್ತಿರದಲ್ಲೇ ಗುನ್ನುಹ್ವೆರ್ ಎಂಬ ಕೊತಕೊತ ಕುದಿಯುವ ಕೆಸರಿನ ಹೊಂಡವಿದೆ. ಸ್ಥಾವರ ಶುರುವಾಗಿ ನೆಲದಡಿಯ ಒತ್ತಡ ಇಳಿದ ಮೇಲೆ ಮೇಲ್ಪದರದ ನೀರು ಹೆಚ್ಚು ಕುದಿಯತೊಡಗಿತು, ಹೊಂಡದ ಉಗಿಯೂ ಜೋರಾಯಿತು. ನೀರು ತೆಗೆದರೆ ನೆಲದ ಮೇಲೆ ಏನು ಬದಲಾಗುತ್ತದೆಂದು ಕಣ್ಣಾರೆ ಕಾಣುವ ಜಾಗ. ಹಲಗೆಯ ದಾರಿ ಬಿಟ್ಟು ಒಂದು ಹೆಜ್ಜೆಯೂ ಇಡಬಾರದು. ತೆಳ್ಳಗಿನ ಹೆಪ್ಪುಮಣ್ಣಿನ ಕೆಳಗೆ ಕುದಿಯುವ ಕೆಸರಿರುತ್ತದೆ.

ಅಲ್ಲಿಂದ ಗ್ರಿಂಡಾವಿಕ್ ದಿಕ್ಕಿಗೆ ಹೋದರೆ ಸ್ವಾರ್ತ್ಸೆಂಗಿ. 1976ರಿಂದ ಹಂತ ಹಂತವಾಗಿ ಬೆಳೆದ ಸ್ಥಾವರ. ನೆಲದಡಿಯ ನೀರು ಸುಮಾರು 240 ಡಿಗ್ರಿ, ಅದರಲ್ಲಿ ಮೂರನೇ ಎರಡು ಪಾಲು ಸಮುದ್ರದ್ದು. ಬ್ಲೂ ಲಗೂನ್ ಎಂದು ಜಗತ್ತೆಲ್ಲ ಹೆಸರಾದ ಹಾಲುನೀಲಿ ಕೊಳ ಈ ಸ್ಥಾವರ ಹೊರಬಿಟ್ಟ ನೀರು. ಲಾವಾ ಬಂಡೆಯ ಸಂದಿಗಳಲ್ಲಿ ಇಂಗಿಹೋಗಲಿ ಎಂದು ಬಿಟ್ಟಿದ್ದರು. ನೀರಿನ ಸಿಲಿಕಾ ಸಂದಿಗಳನ್ನೆಲ್ಲ ಮುಚ್ಚಿತು, ನೀರು ನಿಂತಿತು. ಜನ ದುಡ್ಡು ಕೊಟ್ಟು ಮುಖಕ್ಕೆ ಬಳಿದುಕೊಳ್ಳುವ ಅದೇ ಬಿಳಿ ಲೇಪ ಪಕ್ಕದ ಕೊಳವೆಗಳಲ್ಲಿ ಶತ್ರು.

ಇಲ್ಲಿ ನೋಡಬೇಕಾದ ಇನ್ನೊಂದು ಯಂತ್ರ ಬೈನರಿ ಘಟಕ. ಮುಖ್ಯ ಟರ್ಬೈನಿನಿಂದ ಹೊರಬಂದ, ನೂರು ಡಿಗ್ರಿ ಆಸುಪಾಸಿನ ಉಗಿಯಿಂದ ಐಸೊಪೆಂಟೇನ್ ಎಂಬ ದ್ರವವನ್ನು ಕುದಿಸುತ್ತಾರೆ. ಅದು 28 ಡಿಗ್ರಿಗೇ ಕುದಿಯುವಂಥದ್ದು. ಅದರ ಆವಿ ಚಿಕ್ಕ ಟರ್ಬೈನ್ ತಿರುಗಿಸಿ, ತಣಿದು, ದ್ರವವಾಗಿ ಮತ್ತೆ ಸುತ್ತಿಗೆ ಬರುತ್ತದೆ. ಭೂಮಿಯ ನೀರು ಟರ್ಬೈನನ್ನು ಮುಟ್ಟುವುದೇ ಇಲ್ಲ. ಹೀಗಿದ್ದರೂ ಮೂಲದಲ್ಲಿ ಸಾಮಾನ್ಯವಾಗಿ ನೂರು ಡಿಗ್ರಿಯ ಹತ್ತಿರವಾದರೂ ಶಾಖ ಬೇಕು. ಪುತ್ತೂರು ತಾಲೂಕಿನ ಇರ್ದೆಯ ಬೆಂದ್ರ್ ತೀರ್ಥ ನಮ್ಮ ಕರಾವಳಿಯ ಬಿಸಿನೀರಿನ ಬುಗ್ಗೆಯೇ ಸರಿ, ಆದರೆ ಮೀಯುವಷ್ಟೇ ಬೆಚ್ಚಗಿನ ಆ ನೀರಿನಿಂದ ವಿದ್ಯುತ್ ತೆಗೆಯಲಾಗದು.

2023ರ ನವೆಂಬರ್ 10ರ ರಾತ್ರಿ ಗ್ರಿಂಡಾವಿಕ್ ಊರನ್ನು ಖಾಲಿ ಮಾಡಿಸಿದರು. ಡಿಸೆಂಬರಿನಿಂದ ಪಕ್ಕದ ಬಿರುಕಿನಲ್ಲಿ ಲಾವಾ ಮತ್ತೆ ಮತ್ತೆ ಉಕ್ಕಿತು. ಸ್ಥಾವರದ ಸುತ್ತ ಮಣ್ಣು, ಲಾವಾಕಲ್ಲು ಪೇರಿಸಿ ಎತ್ತರದ ಒಡ್ಡು ಕಟ್ಟಿದ್ದಾರೆ, ರಸ್ತೆಯಿಂದಲೇ ಕಾಣುತ್ತದೆ. ಒಡ್ಡು ಸ್ಥಾವರವನ್ನು ಕಾಯಿತು. ಆದರೆ 2024ರ ಫೆಬ್ರುವರಿ 8ರಂದು ಲಾವಾ ಒಡ್ಡಿನ ಹೊರಗಿದ್ದ ಬಿಸಿನೀರಿನ ಮುಖ್ಯ ಕೊಳವೆಯನ್ನು ಮುರಿಯಿತು. ಕೊರೆವ ಚಳಿಯಲ್ಲಿ 20,000ಕ್ಕೂ ಹೆಚ್ಚು ಜನರ ಮನೆಗೆ ಬಿಸಿನೀರು ನಿಂತಿತು. ಈ ದೇಶದಲ್ಲಿ ಬಿಸಿನೀರು ನಿಂತರೆ ಮನೆಯೇ ತಣ್ಣಗಾಗುತ್ತದೆ, ಹತ್ತರಲ್ಲಿ ಒಂಬತ್ತು ಮನೆ ಬೆಚ್ಚಗಿರುವುದು ಇದೇ ನೀರಿನಿಂದ.

ಎರಡನೆಯ ದಿನ: ಹೆಲ್ಲಿಶೇದಿ

ರೇಕ್ಯಾವಿಕ್‌ನಿಂದ ಒಂದನೇ ನಂಬರಿನ ಹೆದ್ದಾರಿಯಲ್ಲಿ ಪೂರ್ವಕ್ಕೆ ಸುಮಾರು 30 ಕಿ.ಮೀ. ದೇಶದ ಅತಿ ದೊಡ್ಡ ಭೂಶಾಖ ಸ್ಥಾವರ. 45 ಮೆಗಾವ್ಯಾಟ್‌ನ ಆರು ಟರ್ಬೈನ್, 33 ಮೆಗಾವ್ಯಾಟ್‌ನ ಒಂದು, ಒಟ್ಟು 303 ಮೆಗಾವ್ಯಾಟ್. ಮೊದಲೆರಡು 2006ರಲ್ಲಿ ತಿರುಗಿದವು, ಕೊನೆಯವು 2011ರಲ್ಲಿ. ಒಳಗೆ ಪ್ರದರ್ಶನ ಶಾಲೆಯಿದೆ, ಗಾಜಿನಾಚೆ ಟರ್ಬೈನ್ ಸಾಲು ಕಾಣುತ್ತದೆ. ಅರ್ಧ ದಿನ ಇಲ್ಲಿಗೇ ಇಟ್ಟುಕೊಳ್ಳಬೇಕು.

ಮೊದಲು ಹೊರಗೆ. ಬೆಟ್ಟದ ಇಳಿಜಾರಿನಲ್ಲಿ ಅಲ್ಯೂಮಿನಿಯಂ ಬಣ್ಣದ ಗುಮ್ಮಟಗಳು ಅಲ್ಲಲ್ಲಿ ಕವುಚಿಟ್ಟ ಬಾಣಲೆಗಳಂತೆ ಕೂತಿವೆ. ಒಂದೊಂದರೊಳಗೂ ಬಾವಿಯ ತಲೆಯ ವಾಲ್ವ್ ಇದೆ. ಬಾವಿಯ ಆಳ 2,000ದಿಂದ 3,000 ಮೀಟರ್. ಒಂದೇ ಅಂಗಳದಿಂದ ನಾಲ್ಕೈದು ಬಾವಿಗಳನ್ನು ಓರೆಯಾಗಿ ಬೇರೆ ಬೇರೆ ದಿಕ್ಕಿಗೆ ಕೊರೆಯುತ್ತಾರೆ, ರಸ್ತೆ ಮತ್ತು ಕೊಳವೆ ಉಳಿಯುತ್ತದೆ.

ಬಾವಿ ಕೊರೆಯುವುದು ಹಂತ ಹಂತವಾಗಿ. ದಪ್ಪ ತೂತು ಕೊರೆದು ಉಕ್ಕಿನ ಕೇಸಿಂಗ್ ಇಳಿಸಿ, ಕೇಸಿಂಗ್ ಮತ್ತು ಬಂಡೆಯ ನಡುವೆ ಸಿಮೆಂಟ್ ತುಂಬುತ್ತಾರೆ. ಆಮೇಲೆ ಅದರೊಳಗಿಂದ ಸಣ್ಣ ತೂತು, ಮತ್ತೆ ಕೇಸಿಂಗ್, ಮತ್ತೆ ಸಿಮೆಂಟ್. ಕೊನೆಯ ಹಂತದಲ್ಲಿ ಬಿಸಿನೀರು ಬರುವ ಪದರದಲ್ಲಿ ಸೀಳುಗಳಿರುವ ಲೈನರ್ ಕೊಳವೆ ನೇತುಬಿಡುತ್ತಾರೆ, ಅದಕ್ಕೆ ಸಿಮೆಂಟ್ ಇಲ್ಲ. ಸಿಮೆಂಟಿನಲ್ಲಿ ಒಂದು ಗುಳ್ಳೆಯಷ್ಟೂ ನೀರು ಸಿಕ್ಕಿಹಾಕಿಕೊಳ್ಳಬಾರದು. ಬಾವಿ ಕಾದಾಗ ಆ ನೀರು ಹಿಗ್ಗಿ ಕೇಸಿಂಗನ್ನು ಒಳಕ್ಕೆ ನಜ್ಜುಗುಜ್ಜು ಮಾಡುತ್ತದೆ. ಉಕ್ಕು ಎಷ್ಟು ಹಿಗ್ಗಲು ನೋಡುತ್ತದೆಂದರೆ, 1,000 ಮೀಟರ್ ಕೇಸಿಂಗ್ 250 ಡಿಗ್ರಿ ಬಿಸಿಯಾದರೆ ಸುಮಾರು 3 ಮೀಟರ್ ಉದ್ದವಾಗಬೇಕು. ಸಿಮೆಂಟ್ ಅದನ್ನು ಬಿಗಿಹಿಡಿದಿರುವುದರಿಂದ ಆ ಬಲವೆಲ್ಲ ಉಕ್ಕಿನೊಳಗೇ ಕೂರುತ್ತದೆ. ಹೊಸ ಬಾವಿಯನ್ನು ದಿನಗಟ್ಟಲೆ ನಿಧಾನವಾಗಿ ಕಾಯಿಸುವುದು ಇದಕ್ಕೇ. ಕಾದ ಬಾವಿಗೆ ಒಮ್ಮೆಲೇ ತಣ್ಣೀರು ಸುರಿದರೆ ಉಕ್ಕು ಕುಗ್ಗಿ, ಜೋಡಣೆಯಲ್ಲಿ ಕಿತ್ತು ಬರಬಹುದು.

ಬಾವಿಗಳಿಂದ ಬರುವ ಕೊಳವೆಗಳು ನೆಟ್ಟಗೆ ಹರಿಯುವುದಿಲ್ಲ, ಅಲ್ಲಲ್ಲಿ ಅಂಕುಡೊಂಕಾಗಿ ಬಾಗುತ್ತವೆ. ಹಿಗ್ಗಿ ಕುಗ್ಗಲು ಬಿಟ್ಟ ಜಾಗ ಅದು. ಕೊಳವೆ ಸೇರುವುದು ಸೆಪರೇಟರಿಗೆ, ನಿಂತ ಉರುಳೆಯಂಥ ಪಾತ್ರೆಗೆ. ಮಿಶ್ರಣ ಗೋಡೆಗೆ ಒರಸಿಕೊಂಡು ಒಳನುಗ್ಗಿ ಗಿರಗಿರ ಸುತ್ತುತ್ತದೆ. ಭಾರದ ನೀರು ಗೋಡೆಗೆ ಸಿಡಿದು ಕೆಳಗಿಳಿಯುತ್ತದೆ, ಹಗುರದ ಉಗಿ ನಡುವೆ ಉಳಿದು ಮಧ್ಯದ ಕೊಳವೆಯಿಂದ ಹೊರಹೋಗುತ್ತದೆ. ಟರ್ಬೈನಿಗೆ ಮುಂಚೆ ಇನ್ನೊಂದು ಪಾತ್ರೆಯಲ್ಲಿ ಉಳಿದ ತುಂತುರನ್ನೂ ಹಿಡಿಯುತ್ತಾರೆ. ಇಲ್ಲಿ ಅಸಡ್ಡೆ ಮಾಡಿದರೆ ಎರಡು ತೊಂದರೆ: ಹನಿಗಳು ಟರ್ಬೈನಿನ ಅಲಗನ್ನು ಕೊರೆಯುತ್ತವೆ, ಹನಿಯಲ್ಲಿ ಕರಗಿದ ಸಿಲಿಕಾ ಮೊದಲ ಸಾಲಿನ ಅಲಗುಗಳ ಸಂದಿಯಲ್ಲಿ ಕಟ್ಟಿಕೊಂಡು ದಾರಿಯನ್ನು ಕಿರಿದಾಗಿಸುತ್ತದೆ.

ರಾಯಚೂರಿನ ಶಾಖೋತ್ಪನ್ನ ಸ್ಥಾವರ ನೋಡಿದವರಿಗೆ ಇಲ್ಲಿನ ಟರ್ಬೈನ್ ಬೇರೆಯೇ ಜಾತಿಯದ್ದೆನಿಸುತ್ತದೆ. ಕಲ್ಲಿದ್ದಲಿನ 210 ಮೆಗಾವ್ಯಾಟ್ ಘಟಕಕ್ಕೆ ಉಗಿ ಹೋಗುವುದು ಸುಮಾರು 150 ಬಾರ್, 540 ಡಿಗ್ರಿಯಲ್ಲಿ. ಇಲ್ಲಿ ಎಂಟು ಬಾರಿನ ಆಸುಪಾಸು, 170 ಡಿಗ್ರಿ. ಅಷ್ಟು ಸಾಧು ಉಗಿಯಿಂದ ಕೆಲಸ ತೆಗೆಯಬೇಕಾದರೆ ಪ್ರಮಾಣ ಹೆಚ್ಚಬೇಕು: ಒಂದು ಮೆಗಾವ್ಯಾಟಿಗೆ ಸೆಕೆಂಡಿಗೆ ಸುಮಾರು 2 ಕಿಲೋ. 45 ಮೆಗಾವ್ಯಾಟಿನ ಒಂದು ಯಂತ್ರ ಸೆಕೆಂಡಿಗೆ 90 ಕಿಲೋ ಉಗಿ ನುಂಗುತ್ತದೆ. ಇದೂ ಸಾಧ್ಯವಾಗುವುದು ಹಿಂದೆ ಕಂಡೆನ್ಸರ್ ಇರುವುದರಿಂದ. ಅಲ್ಲಿ ತಣ್ಣೀರಿನ ಕೊಳವೆಗಳ ಮೇಲೆ ಉಗಿ ನೀರಾಗಿ ಇಳಿಯುತ್ತದೆ, ಒತ್ತಡ 0.1 ಬಾರಿಗೆ ಬೀಳುತ್ತದೆ. ಮುಂದಿನ ತಳ್ಳಾಟಕ್ಕೆ ಹಿಂದಿನ ಎಳೆತ ಸೇರಿದ ಹಾಗೆ.

ಆದರೆ ಉಗಿಯ ಜೊತೆ ಬಂದ ಇಂಗಾಲದ ಡೈಆಕ್ಸೈಡ್, ಹೈಡ್ರೋಜನ್ ಸಲ್ಫೈಡ್ ನೀರಾಗುವುದಿಲ್ಲ. ಕಂಡೆನ್ಸರಿನಲ್ಲಿ ತುಂಬಿಕೊಂಡು ನಿರ್ವಾತ ಕೆಡಿಸುತ್ತವೆ, ಪಂಪು ಹಾಕಿ ಎಡೆಬಿಡದೆ ಹೊರತೆಗೆಯಬೇಕು. ಕೊಳೆತ ಮೊಟ್ಟೆಯ ವಾಸನೆ ಬರುವುದು ಹೈಡ್ರೋಜನ್ ಸಲ್ಫೈಡಿನಿಂದ. ಬೆಳ್ಳಿಯ ಉಂಗುರ ಕಪ್ಪಾಗಿಸುವ ಅದೇ ಅನಿಲ ತಾಮ್ರದ ತಂತಿ, ರಿಲೇ ಸಂಪರ್ಕಗಳನ್ನೂ ತಿನ್ನುತ್ತದೆ. ಹಾಗಾಗಿ ಕಂಟ್ರೋಲ್ ರೂಮಿಗೆ ಸೋಸಿದ ಗಾಳಿ ತುಂಬಿ ಒಳಗಿನ ಒತ್ತಡವನ್ನು ಹೊರಗಿಗಿಂತ ತುಸು ಹೆಚ್ಚಿಗೆ ಇಡುತ್ತಾರೆ.

ಈ ಅನಿಲಕ್ಕೆ ಇಲ್ಲಿ ಕಂಡುಕೊಂಡ ದಾರಿಯೇ ಕಾರ್ಬ್‌ಫಿಕ್ಸ್. ಗೋಪುರದಲ್ಲಿ ಒತ್ತಡದ ನೀರು ಸುರಿದು ಅನಿಲ ಕರಗಿಸುತ್ತಾರೆ, ಸೋಡಾ ಮಾಡಿದ ಹಾಗೆ. ಒಂದು ಟನ್ ಇಂಗಾಲದ ಡೈಆಕ್ಸೈಡ್ ಕರಗಿಸಲು ಸುಮಾರು 25 ಟನ್ ನೀರು ಬೇಕು. ಆ ಹುಳಿನೀರನ್ನು ಬಸಾಲ್ಟ್ (ಲಾವಾ ಗಟ್ಟಿಯಾಗಿ ಆದ ಕಪ್ಪುಕಲ್ಲು) ಬಂಡೆಯೊಳಗೆ ಇಳಿಸಿದರೆ ಅದು ಬಂಡೆಯ ಕ್ಯಾಲ್ಸಿಯಂ, ಮೆಗ್ನೀಸಿಯಂ, ಕಬ್ಬಿಣವನ್ನು ಕರಗಿಸಿ ಮತ್ತೆ ಖನಿಜವಾಗಿ ಗಟ್ಟಿಯಾಗುತ್ತದೆ. 2012ರ ಪ್ರಯೋಗದಲ್ಲಿ ಇಳಿಸಿದ ಅನಿಲದ 95 ಶೇಕಡಾ ಎರಡು ವರ್ಷದೊಳಗೆ ಕಲ್ಲಾಯಿತೆಂದು 2016ರಲ್ಲಿ ಪ್ರಕಟವಾಯಿತು. ಕೊರೆದು ತೆಗೆದ ಬಂಡೆಯ ತುಂಡನ್ನು ಹತ್ತಿರದಿಂದ ನೋಡಬೇಕು: ಕಪ್ಪು ಕಲ್ಲಿನ ಸಣ್ಣ ಸಣ್ಣ ರಂಧ್ರಗಳಲ್ಲಿ ಬಿಳಿಯ ಕ್ಯಾಲ್ಸೈಟ್, ರಾಗಿಮುದ್ದೆಯಲ್ಲಿ ಅನ್ನದ ಅಗುಳು ಕಂಡಂತೆ. ಹೊಗೆ ಕಲ್ಲಾಗುವುದನ್ನು ಬೆರಳಿನಿಂದ ಮುಟ್ಟಿ ನೋಡುವಂತಾದದ್ದು ನಮ್ಮ ಕಾಲದ ದೊಡ್ಡ ಕೆಲಸಗಳಲ್ಲಿ ಒಂದು.

ಹೆಲ್ಲಿಶೇದಿ ಕಲಿಸಿದ ಪಾಠ ಕಹಿಯದ್ದೂ ಇದೆ. ಬಳಸಿದ ನೀರನ್ನು ಹೂಸ್‌ಮೂಲಿ ಎಂಬಲ್ಲಿ 2011ರ ಸೆಪ್ಟೆಂಬರಿನಿಂದ ನೆಲಕ್ಕೆ ಹಿಂದಿರುಗಿಸತೊಡಗಿದಾಗ ಭೂಕಂಪಗಳ ಸಾಲೇ ಶುರುವಾಯಿತು. ಅಕ್ಟೋಬರ್ 15ರಂದು 4ರ ಆಸುಪಾಸಿನ ತೀವ್ರತೆಯ ಎರಡು ಕಂಪನಗಳು ಹತ್ತಿರದ ಊರಿನವರನ್ನು ಬೆಚ್ಚಿಬೀಳಿಸಿದವು. ತಣ್ಣನೆಯ ನೀರು ಮೊದಲೇ ಬಿಗಿದಿದ್ದ ಸೀಳುಗಳಿಗೆ ಜಾರಲು ದಾರಿಮಾಡಿತು. ಇನ್ನೊಂದು: ಚಿಕ್ಕ ಜಾಗದಲ್ಲಿ ಬೇಗ ಬೇಗ ಯಂತ್ರ ಹೆಚ್ಚಿಸಿದ್ದರಿಂದ ಬಾವಿಗಳ ಒತ್ತಡ ಇಳಿಯುತ್ತ ಬಂತು. 2016ರಲ್ಲಿ ಪಕ್ಕದ ಹ್ವೆರಾಹ್ಲೀದ್ ಕ್ಷೇತ್ರದ ಬಾವಿಗಳಿಂದ ಕೊಳವೆ ಎಳೆದು ಉಗಿ ತರಬೇಕಾಯಿತು. ಮೊದಲು ಚಿಕ್ಕದಾಗಿ ಶುರುಮಾಡಿ, ನೆಲ ಏನು ಹೇಳುತ್ತದೆ ಕೇಳಿ, ಆಮೇಲೆ ಬೆಳೆಸಬೇಕಿತ್ತು.

ಮೂರನೆಯ ದಿನ: ನೆಸ್ಯಾವೆಲ್ಲಿರ್

ಬೆಟ್ಟದ ಆಚೆ ಮಗ್ಗುಲಿಗೆ, ಥಿಂಗ್ವಾಲ್ಲಾ ಸರೋವರದ ದಡದ ಕಣಿವೆಗೆ. 120 ಮೆಗಾವ್ಯಾಟ್ ವಿದ್ಯುತ್, 300 ಮೆಗಾವ್ಯಾಟ್ ಶಾಖ. 1990ರಲ್ಲಿ ಬರೀ ಬಿಸಿನೀರಿಗೆಂದು ಶುರುವಾಗಿ, 1998ರಲ್ಲಿ ವಿದ್ಯುತ್ ಸೇರಿತು.

ಊರಿಗೆ ಹೋಗುವುದು ಭೂಮಿಯಿಂದ ಬಂದ ನೀರಲ್ಲ. ಸರೋವರದ ಪಕ್ಕದ ಬಾವಿಗಳಿಂದ 5 ಡಿಗ್ರಿಯ ಸಿಹಿನೀರು ತೆಗೆದು, ಮೊದಲು ಟರ್ಬೈನಿನ ಕಂಡೆನ್ಸರಿನಲ್ಲಿ ಹಾಯಿಸುತ್ತಾರೆ. ಉಗಿಯನ್ನು ತಣಿಸುತ್ತ ತಾನು ಬಿಸಿಯಾಗುತ್ತದೆ. ಮುಂದೆ ಸೆಪರೇಟರಿನ ಬಿಸಿನೀರಿನಿಂದ ಶಾಖ ಪಡೆದು 80 ಡಿಗ್ರಿ ದಾಟುತ್ತದೆ. ಸರೋವರದ ನೀರಿನಲ್ಲಿ ಕರಗಿದ ಆಮ್ಲಜನಕ ಬಿಸಿಯಾದಾಗ ಉಕ್ಕನ್ನು ತುಕ್ಕು ಹಿಡಿಸುತ್ತದೆ, ಹಾಗಾಗಿ ನಿರ್ವಾತದ ಪಾತ್ರೆಯಲ್ಲಿ ಕುದಿಸಿ ಅದನ್ನು ಓಡಿಸುತ್ತಾರೆ. ಕೊನೆಗೆ ಹೈಡ್ರೋಜನ್ ಸಲ್ಫೈಡ್ ಇರುವ ಚೂರು ಉಗಿ ಬೆರೆಸುತ್ತಾರೆ, ಅಳಿದುಳಿದ ಆಮ್ಲಜನಕವನ್ನು ಅದು ಕಬಳಿಸುತ್ತದೆ. ಆ ನೀರಿನ ಮೊಟ್ಟೆ ವಾಸನೆ ಬೇಕೆಂದೇ ಸೇರಿಸಿದ್ದು.

27 ಕಿ.ಮೀ. ಕೊಳವೆ. ಪಂಪು ನೀರನ್ನು ಬೆಟ್ಟದ ಮೇಲಿನ ಟ್ಯಾಂಕಿಗೆ ಏರಿಸುತ್ತದೆ, ಅಲ್ಲಿಂದ ಊರಿಗೆ ತಾನೇ ಇಳಿಯುತ್ತದೆ. ಕಲ್ಲುಣ್ಣೆ ಸುತ್ತಿ ತಗಡು ಹೊದಿಸಿದ್ದರಿಂದ ಅಷ್ಟು ದೂರಕ್ಕೆ ಕಳೆದುಕೊಳ್ಳುವುದು ಸುಮಾರು 2 ಡಿಗ್ರಿ. 

ರೇಕ್ಯಾವಿಕ್‌ನ ಹಳೆಯ ಬಡಾವಣೆಗಳಿಗೆ ಊರಿನ ಕೆಳಗಿನ ಬಾವಿಗಳ ನೀರೇ ನೇರ ಹೋಗುತ್ತದೆ. ಆ ನೀರನ್ನೂ ಕಾಯಿಸಿದ ಈ ನೀರನ್ನೂ ಒಂದೇ ಕೊಳವೆಯಲ್ಲಿ ಬೆರೆಸುವಂತಿಲ್ಲ. ಒಂದರ ಸಿಲಿಕಾ, ಇನ್ನೊಂದರ ಮೆಗ್ನೀಸಿಯಂ ಕೂಡಿ ಮೆಗ್ನೀಸಿಯಂ ಸಿಲಿಕೇಟ್ ಎಂಬ ಮೆತ್ತನೆ ಪೊರೆ ಕಟ್ಟುತ್ತದೆ. ಎರಡು ನೀರಿಗೂ ಬೇರೆ ಬೇರೆ ಬಡಾವಣೆ ಹಂಚಿಕೊಡಬೇಕಾಯಿತು.

ಸಂಜೆಗೆ ಹೌಕಾದಾಲುರ್ ಕಣಿವೆಯ ಗೇಸಿರ್ ನೋಡಬಹುದು. ನಮ್ಮ ಬಚ್ಚಲುಮನೆಯ ‘ಗೀಸರ್’ ಪದ ಈ ಚಿಲುಮೆಯ ಹೆಸರಿನಿಂದ ಹೊರಟದ್ದು. ಬೋರ್‌ವೆಲ್ ನೀರಿಗೆ ಗೀಸರಿನ ಕಾಯಿಲ್ ಮೇಲೆ ಬಿಳಿ ಸುಣ್ಣ ಕಟ್ಟುವುದನ್ನು ಕಂಡವರಿಗೆ ಸಿಲಿಕಾದ ಕಾಟ ಅರ್ಥವಾಗುತ್ತದೆ. ವ್ಯತ್ಯಾಸ ಒಂದೇ: ಸುಣ್ಣ ಬಿಸಿಯಾದಾಗ ಕಟ್ಟುತ್ತದೆ, ಸಿಲಿಕಾ ತಣ್ಣಗಾದಾಗ. 250 ಡಿಗ್ರಿಯ ಭೂನೀರಿನಲ್ಲಿ ಲೀಟರಿಗೆ ಸುಮಾರು 480 ಮಿಲಿಗ್ರಾಂ ಸಿಲಿಕಾ. ಉಗಿ ಹೋದ ಮೇಲೆ ಉಳಿದ ನೀರಿನಲ್ಲಿ ಅದು 570ರ ಮೇಲಕ್ಕೇರುತ್ತದೆ. 180 ಡಿಗ್ರಿಯಲ್ಲಿ ನೀರು 800ರವರೆಗೂ ಹಿಡಿದಿಡಬಲ್ಲದು, ತೊಂದರೆಯಿಲ್ಲ. ಆದರೆ 100 ಡಿಗ್ರಿಗೆ ಇಳಿಸಿದಿರೋ, ತಾಳುವುದು 360ರ ಆಸುಪಾಸು ಮಾತ್ರ. ಮಿಕ್ಕದ್ದು ಗಾಜಿನಂತೆ ಕೊಳವೆಗೆ, ಶಾಖವಿನಿಮಯದ ತಟ್ಟೆಗಳಿಗೆ, ಎಲ್ಲಕ್ಕಿಂತ ಕೆಟ್ಟದಾಗಿ ನೀರು ಹಿಂದಿರುಗಿಸುವ ಬಾವಿಯ ಸೀಳುಗಳಿಗೆ. ಕೊಳವೆಯನ್ನಾದರೂ ಕೆರೆದು ತೆಗೆಯಬಹುದು, ಬಂಡೆಯೊಳಗಿನ ಸೀಳು ಮುಚ್ಚಿದರೆ ಆ ಬಾವಿ ಹೋದಂತೆಯೇ.

ನಾಲ್ಕನೆಯ ದಿನ: ಉತ್ತರಕ್ಕೆ

ಮೀವಾತ್ನ್ ಸರೋವರಕ್ಕೆ ಏಳು ಗಂಟೆಯ ದಾರಿ, ನಡುವೆ ನೋಡುವ ಸ್ಥಾವರವಿಲ್ಲ. ಚಳಿಗಾಲದಲ್ಲಿ ಬೆಟ್ಟದ ರಸ್ತೆ ಹಿಮಕ್ಕೆ ಮುಚ್ಚುವುದರಿಂದ ಬೆಳಿಗ್ಗೆಯೇ ರಸ್ತೆಯ ಸ್ಥಿತಿ ನೋಡಿಕೊಂಡು ಹೊರಡಬೇಕು. ದಾರಿಯುದ್ದ ಜೊತೆಗಿರುವ ವಿದ್ಯುತ್ ತಂತಿಗಳಲ್ಲಿ ಹರಿಯುವುದು ಹೆಚ್ಚಿನದು ಜಲವಿದ್ಯುತ್ತೇ, ದೇಶದ ಉತ್ಪಾದನೆಯ ನೂರಕ್ಕೆ 70ರಷ್ಟು. ಮಿಕ್ಕದ್ದು ಹೆಚ್ಚುಕಡಿಮೆ ಭೂಶಾಖದ್ದು. ಬೇಡಿಕೆಯ ಏರಿಳಿತಕ್ಕೆ ತಕ್ಕಂತೆ ಜಲವಿದ್ಯುತ್ತನ್ನು ಕುಣಿಸುತ್ತಾರೆ, ಭೂಶಾಖದ ಯಂತ್ರಗಳನ್ನು ಹಗಲಿರುಳು ಒಂದೇ ಸಮನೆ ಓಡಿಸುತ್ತಾರೆ. ಬಾವಿಯನ್ನು ದಿನಕ್ಕೆರಡು ಸಲ ತೆರೆದು ಮುಚ್ಚಿದರೆ ಕೇಸಿಂಗ್ ಹಿಗ್ಗಿ ಕುಗ್ಗಿ ದಣಿಯುತ್ತದೆ. ಒಂದೇ ಸಮನೆ ವಿದ್ಯುತ್ ಬೇಡುವ ಅಲ್ಯೂಮಿನಿಯಂ ಕರಗಿಸುವ ಕಾರ್ಖಾನೆಗಳು ಈ ದೇಶಕ್ಕೆ ಬಂದದ್ದರ ಹಿಂದೆ ಈ ಹೊಂದಾಣಿಕೆಯೂ ಇದೆ.

ಐದನೆಯ ದಿನ: ಬ್ಯಾರ್ನಾರ್ಫ್ಲಾಗ್ ಮತ್ತು ಕ್ರಾಫ್ಲಾ

ಮೀವಾತ್ನ್‌ನ ಪೂರ್ವಕ್ಕೆ ಬ್ಯಾರ್ನಾರ್ಫ್ಲಾಗ್. ಐಸ್‌ಲ್ಯಾಂಡ್‌ನ ಮೊದಲ ಭೂಶಾಖ ವಿದ್ಯುತ್ ಸ್ಥಾವರ, 1969ರದ್ದು, ಶುರುವಿನಲ್ಲಿ 3 ಮೆಗಾವ್ಯಾಟ್. ಸೆಕೆಂಡ್‌ಹ್ಯಾಂಡ್ ಟರ್ಬೈನ್ ತಂದು ಕೂರಿಸಿದ್ದರು. ಕಂಡೆನ್ಸರ್ ಇಲ್ಲ, ಉಗಿ ಕೆಲಸ ಮುಗಿಸಿ ನೇರ ಗಾಳಿಗೆ. ಹೀಗೆ ಮಾಡಿದರೆ ಒಂದು ಮೆಗಾವ್ಯಾಟಿಗೆ ಸುಮಾರು ಎರಡರಷ್ಟು ಉಗಿ ಬೇಕು. ಆದರೆ ಖರ್ಚು ಕಡಿಮೆ, ಬೇಗ ಕಟ್ಟಬಹುದು. ಹೊಸ ಕ್ಷೇತ್ರದ ನಾಡಿ ಹಿಡಿದು ನೋಡಲು ಇದು ಒಳ್ಳೆಯ ದಾರಿ. 1977ರಲ್ಲಿ ಇಲ್ಲಿನ ಒಂದು ಬಾವಿಯ ಬಾಯಿಂದ ಬಿಸಿ ಲಾವಾದ ಚೂರುಗಳು ಚಿಮ್ಮಿದವು, ನೆಲದಡಿಯಲ್ಲಿ ಬಿರುಕು ಸೀಳಿಕೊಂಡು ಬಂದ ಶಿಲಾಪಾಕ ಬಾವಿಯನ್ನು ಅಡ್ಡಹಾಯ್ದಿತ್ತು.

ಕ್ರಾಫ್ಲಾಕ್ಕೆ ಅಲ್ಲಿಂದ ಕೆಲವೇ ನಿಮಿಷ. ರಸ್ತೆಯ ಮೇಲೆಯೇ ಕೊಳವೆಗಳು ಕಮಾನಿನಂತೆ ಹಾದುಹೋಗುತ್ತವೆ. ಇದನ್ನು ಕಟ್ಟುತ್ತಿದ್ದಾಗಲೇ 1975ರ ಡಿಸೆಂಬರಿನಲ್ಲಿ ಜ್ವಾಲಾಮುಖಿ ಎದ್ದಿತು. 1984ರವರೆಗೆ ಒಂಬತ್ತು ಸಲ ಲಾವಾ ಹರಿಯಿತು. ಸ್ಥಾವರವನ್ನು ಲಾವಾ ಮುಟ್ಟಲಿಲ್ಲ, ಕೆಡುಕು ಬಂದದ್ದು ಒಳಗಿಂದ. ಶಿಲಾಪಾಕದ ಅನಿಲ ನೆಲದಡಿಯ ಬಿಸಿನೀರಿಗೆ ಸೇರಿ ಅದನ್ನು ಆಮ್ಲ ಮಾಡಿತು, ಕೇಸಿಂಗುಗಳು ಕರಗಿದವು, ಬಾವಿಗಳಲ್ಲಿ ಗಸಿ ಕಟ್ಟಿತು. ತಲಾ 30 ಮೆಗಾವ್ಯಾಟಿನ ಎರಡು ಟರ್ಬೈನ್ ತಂದಿದ್ದರೂ ಉಗಿಯಿಲ್ಲದೆ ಒಂದನ್ನು ಮಾತ್ರ ಕೂರಿಸಿದರು. ಅನಿಲ ತಗ್ಗುವವರೆಗೆ ಕಾದು ಎರಡನೆಯದನ್ನು ನಡೆಸಿದ್ದು 1997ರಲ್ಲಿ. ಇಲ್ಲಿನ ಟರ್ಬೈನುಗಳಿಗೆ ಎರಡು ಒತ್ತಡದಲ್ಲಿ ಉಗಿ ಹೋಗುತ್ತದೆ. ಮೊದಲ ಸೆಪರೇಟರಿನ ನೀರನ್ನು ಇನ್ನೊಮ್ಮೆ ಸುಮಾರು 2 ಬಾರಿಗೆ ಇಳಿಸಿ ಕುದಿಸಿ, ಆ ಉಗಿಯನ್ನೂ ಟರ್ಬೈನಿನ ನಡುಭಾಗಕ್ಕೆ ಬಿಡುತ್ತಾರೆ.

ಮೇಲಕ್ಕೆ ಹೋದರೆ 1724ರಲ್ಲಿ ಸಿಡಿದ ವೀಟಿ ಕುಳಿ, ಒಳಗೆ ಹಸಿರುನೀಲಿ ನೀರು. ಅದರ ಹತ್ತಿರವೇ 2009ರಲ್ಲಿ ಒಂದು ಆಳದ ಬಾವಿ ಕೊರೆಯಲು ಹೊರಟರು, ಗುರಿ 4.5 ಕಿ.ಮೀ. 2.1 ಕಿ.ಮೀ.ಗೆ ಕೊರೆಯುವ ಯಂತ್ರದ ಮೊನೆ ಸಿಕ್ಕಿಕೊಂಡಿತು. ಮೇಲೆ ಬಂದ ಕೊರೆಪುಡಿಯಲ್ಲಿ ಗಾಜಿನ ಚೂರು: ಶಿಲಾಪಾಕಕ್ಕೇ ತಗಲಿದ್ದರು, ಕೊರೆಯುವ ನೀರಿಗೆ ಅದು ತಟಕ್ಕನೆ ಹೆಪ್ಪುಗಟ್ಟಿತ್ತು. ಬಾವಿಯನ್ನು ಅಲ್ಲಿಗೇ ನಿಲ್ಲಿಸಿ ಬಿಸಿಯಾಗಲು ಬಿಟ್ಟರು. ಬಂದದ್ದು 450 ಡಿಗ್ರಿಯ, 140 ಬಾರಿನವರೆಗಿನ ಒಣ ಉಗಿ. ಒಂದೇ ಬಾವಿಯಿಂದ 30 ಮೆಗಾವ್ಯಾಟ್ ದಾಟುವಷ್ಟು ಶಕ್ತಿ, ಅಂದರೆ ಇಡೀ ಕ್ರಾಫ್ಲಾದ ಅರ್ಧದಷ್ಟು.

ಆದರೆ ಆ ಉಗಿಯಲ್ಲಿ ಹೈಡ್ರೋಜನ್ ಕ್ಲೋರೈಡ್ ಇತ್ತು. ಒಣಗಿರುವವರೆಗೆ ಉಕ್ಕಿಗೆ ತೊಂದರೆಯಿಲ್ಲ, ಮೊದಲ ಹನಿ ಕಟ್ಟಿದ ಜಾಗದಲ್ಲಿ ಹೈಡ್ರೋಕ್ಲೋರಿಕ್ ಆಮ್ಲ. ಜೊತೆಗೆ ಉಗಿಯಲ್ಲೇ ತೇಲಿಬಂದ ನುಣುಪು ಸಿಲಿಕಾ ಪುಡಿ. ನೀರು ಸಿಂಪಡಿಸಿ ಎರಡನ್ನೂ ತೊಳೆದು ತೆಗೆಯಬಹುದೆಂದು ಪ್ರಯೋಗದಲ್ಲಿ ತೋರಿಸಿದರು. ಅಷ್ಟರಲ್ಲಿ, 2012ರ ಜುಲೈಯಲ್ಲಿ, ಬಾವಿಯ ತಲೆಯ ವಾಲ್ವುಗಳು ಕೈಕೊಟ್ಟವು. ಬೇರೆ ದಾರಿ ಕಾಣದೆ ತಣ್ಣೀರು ತುಂಬಿ ಬಾವಿಯನ್ನು ಆರಿಸಿದರು. ಹೆಲ್ಲಿಶೇದಿಯಲ್ಲಿ ನೋಡಿದ ಅದೇ ಲೆಕ್ಕ ಇಲ್ಲಿ ನಿಜವಾಯಿತು. 450 ಡಿಗ್ರಿಗೆ ಹಿಗ್ಗಿ ಸಿಮೆಂಟಿನ ಬಿಗಿಯಲ್ಲಿ ಕೂತಿದ್ದ ಉಕ್ಕು ಒಮ್ಮೆಗೇ ಕುಗ್ಗಿತು, ಕೇಸಿಂಗ್ ಹಾಳಾಯಿತು, ಬಾವಿ ಮತ್ತೆ ತೆರೆಯಲಿಲ್ಲ. ಅಂಥ ಬಿಸಿಯನ್ನು ತಾಳಲು, ಕೇಸಿಂಗಿನ ಜೋಡಣೆಗಳೊಳಗೇ ಉಕ್ಕು ಹಿಗ್ಗಿ ಕುಗ್ಗಲು ಜಾಗ ಬಿಟ್ಟು ಮಾಡುವ ಹೊಸ ಬಗೆಯ ಕೂಡುಕೊಳವೆಗಳನ್ನು ಐಸ್‌ಲ್ಯಾಂಡ್‌ನಲ್ಲಿ ಆಮೇಲೆ ಪರೀಕ್ಷಿಸಿದ್ದಾರೆ.